ವರ್ಜೀನಿಯಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ: ನಿಮ್ಮ ಡೆಲಿಗೇಟ್ ಯಾರು ಗೊತ್ತಾ?

ಆಶ್‌ಬರ್ನ್, ಹರ್ಂಡನ್, ಸೌತ್ ರೈಡಿಂಗ್ ಕಡೆ ಹೊಸದಾಗಿ ಮನೆ ಮಾಡಿದ ನಮ್ಮವರನ್ನು ಕೇಳಿದರೆ ಅಮೆರಿಕದ ಅಧ್ಯಕ್ಷರ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ನಿಮ್ಮ ಡೆಲಿಗೇಟ್ ಯಾರು ಅಂದರೆ ಸುಮ್ಮನಾಗುತ್ತಾರೆ. ಡೆಲಿಗೇಟ್ ಅಂದರೆ ನಮ್ಮೂರಿನ ಎಂಎಲ್ಎ ಇದ್ದಂತೆ. ರಾಜ್ಯದ ರಾಜಧಾನಿ ರಿಚ್ಮಂಡ್‌ನ ಕೆಳಮನೆಯಲ್ಲಿ 100 ಜನ ಡೆಲಿಗೇಟ್‌ಗಳು, ಮೇಲ್ಮನೆಯಲ್ಲಿ 40 ಜನ ಸೆನೆಟರ್‌ಗಳು. ನೀವು ದಿನಾ ಕಾರು ಓಡಿಸುವ ರಸ್ತೆಯ ವಿಷಯದಲ್ಲಿ ವಾಷಿಂಗ್ಟನ್‌ನವರಿಗಿಂತ ಇವರ ಮಾತೇ ಜಾಸ್ತಿ ನಡೆಯುತ್ತದೆ.

ಇದಕ್ಕೆ ಕಾರಣ 1932ರ ಬರ್ಡ್ ರಸ್ತೆ ಕಾಯ್ದೆ. ಆರ್ಥಿಕ ಕುಸಿತದ ಆ ಕಾಲದಲ್ಲಿ ಕೌಂಟಿಗಳ, ಅಂದರೆ ನಮ್ಮ ಜಿಲ್ಲೆಗಳಂಥ ಆಡಳಿತ ಭಾಗಗಳ ರಸ್ತೆಗಳನ್ನು ರಾಜ್ಯವೇ ವಹಿಸಿಕೊಂಡಿತು. ಇವತ್ತಿಗೂ ಆರ್ಲಿಂಗ್ಟನ್ ಮತ್ತು ಹೆನ್ರೈಕೊ ಕೌಂಟಿಗಳು ಮಾತ್ರ ತಮ್ಮ ರಸ್ತೆಗಳನ್ನು ತಾವೇ ನೋಡಿಕೊಳ್ಳುತ್ತವೆ. ಹಾಗಾಗಿ ಲೌಡನ್ ಕೌಂಟಿಯಲ್ಲಿ ನಿಮ್ಮ ಬೀದಿಯಲ್ಲಿ ಗುಂಡಿ ಬಿದ್ದರೆ ರಾಜ್ಯದ ಸಾರಿಗೆ ಇಲಾಖೆಗೆ, ಅಂದರೆ ವಿಡಾಟ್‌ಗೆ ದೂರು ಕೊಡಿ. ಅಲ್ಲಿ ಕೆಲಸ ಆಗದಿದ್ದರೆ ಡೆಲಿಗೇಟ್ ಕಚೇರಿಗೆ ಬರೆಯಿರಿ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವುದು ಮಾತ್ರ ಕೌಂಟಿಯ ಚುನಾಯಿತ ಸೂಪರ್‌ವೈಸರ್‌ಗಳ ಕೆಲಸ.

ಶಾಸಕರಿಂದ ಏನಾಗುತ್ತದೆ ಎಂಬುದಕ್ಕೆ ಡಲ್ಲಸ್ ಗ್ರೀನ್‌ವೇ ನೋಡಿ. ಡಲ್ಲಸ್ ವಿಮಾನ ನಿಲ್ದಾಣದಿಂದ ಲೀಸ್‌ಬರ್ಗ್‌ವರೆಗಿನ ಈ ಟೋಲ್ ರಸ್ತೆ 1995ರಲ್ಲಿ ಶುರುವಾಯಿತು. ಇದು ಖಾಸಗಿಯವರದು. ಆದರೆ ಟೋಲ್ ಎಷ್ಟಿರಬೇಕು ಎಂದು ನಿರ್ಧರಿಸುವುದು 'ಸ್ಟೇಟ್ ಕಾರ್ಪೊರೇಷನ್ ಕಮಿಷನ್' ಎಂಬ ರಾಜ್ಯದ ನಿಯಂತ್ರಣ ಆಯೋಗ. 2021ರಲ್ಲಿ ಆಗಿನ ಡೆಲಿಗೇಟ್ ಸುಹಾಸ್ ಸುಬ್ರಮಣ್ಯಂ ತಂದ ಮಸೂದೆ ಕಾಯ್ದೆಯಾಯಿತು. ಟೋಲ್ ಏರಿಸುವ ಮೊದಲು ಆಯೋಗ ನೋಡಬೇಕಾದ ಅಂಶಗಳನ್ನು ಅದು ಬಿಗಿ ಮಾಡಿತು. 2023ರಲ್ಲಿ ಕಂಪನಿಯವರು ದಟ್ಟಣೆ ಹೊತ್ತಿನ ಟೋಲನ್ನು 5.80 ಡಾಲರ್‌ನಿಂದ 8.10ಕ್ಕೆ ಏರಿಸಲು ಅನುಮತಿ ಕೇಳಿದರು. 2024ರಲ್ಲಿ ಆಯೋಗ ಆಗಲ್ಲ ಅಂದಿತು. ಇಂಥ ಅರ್ಜಿ ಬಂದಾಗ ಆಯೋಗ ಜನರ ಅಭಿಪ್ರಾಯವನ್ನೂ ಕೇಳುತ್ತದೆ. ಅದನ್ನು ಬರೆಯಲು ಪೌರತ್ವ ಬೇಕಿಲ್ಲ, ಟೋಲ್ ಕಟ್ಟುವವರು ನೀವೂ ಹೌದಲ್ವಾ? ಸುಹಾಸ್ ಅವರ ತಂದೆ ತಾಯಿ ಬೆಂಗಳೂರಿನಿಂದ ಬಂದವರು. ಸುಹಾಸ್ ಈಗ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಸದಸ್ಯರು.

ಇನ್ನೊಂದು ಕಾನೂನನ್ನು ಮನಸ್ಸಿನಲ್ಲಿಡಿ. ಇಲ್ಲಿ ಗಂಟೆಗೆ 85 ಮೈಲಿ ದಾಟಿದರೆ, ಇಲ್ಲವೇ ಮಿತಿಗಿಂತ 20 ಮೈಲಿ ಜಾಸ್ತಿ ಓಡಿಸಿದರೆ ಅದು ಬರೀ ದಂಡದ ವಿಷಯವಲ್ಲ. 'ರೆಕ್‌ಲೆಸ್ ಡ್ರೈವಿಂಗ್' ಎಂಬ ಕ್ರಿಮಿನಲ್ ಕೇಸು. ಒಂದು ವರ್ಷದವರೆಗೆ ಜೈಲು ಆಗಬಹುದು. ವೀಸಾ ಮೇಲೆ ಇರುವವರು ದಯವಿಟ್ಟು ನಿಧಾನವಾಗಿ ಓಡಿಸಿ.

ಈಗ ಸೈನಿಕರ ಮತದಾನ. ನಮಗೇನು ಸಂಬಂಧ ಅನ್ನಬೇಡಿ. ಪೆಂಟಗನ್, ಕ್ವಾಂಟಿಕೊ, ಫೋರ್ಟ್ ಬೆಲ್ವಾರ್ ಎಂಬ ಸೇನೆಯ ತಾಣಗಳೆಲ್ಲವೂ ನಮ್ಮ ಸುತ್ತಲೇ ಇವೆ. ಗ್ರೀನ್ ಕಾರ್ಡ್ ಇದ್ದವರೂ ಇಲ್ಲಿ ಸೇನೆಗೆ ಸೇರಬಹುದು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳೂ ಸೇರಬಹುದು. ಹಡಗಿನಲ್ಲೋ ದೂರದ ನೆಲೆಯಲ್ಲೋ ಇರುವವರಿಗೆ ಮತಪತ್ರ ತಲುಪಿ, ಅದು ವಾಪಸ್ ಬರುವಷ್ಟರಲ್ಲಿ ಎಣಿಕೆಯೇ ಮುಗಿದುಹೋಗುವ ತೊಂದರೆ ಹಳೆಯದು. 1986ರ ಕೇಂದ್ರ ಕಾಯ್ದೆ ಅವರಿಗೂ ಹೊರದೇಶದಲ್ಲಿರುವ ನಾಗರಿಕರಿಗೂ ಮತದ ದಾರಿ ಮಾಡಿತು. 2009ರ ತಿದ್ದುಪಡಿ ಚುನಾವಣೆಗೆ 45 ದಿನ ಮೊದಲೇ ಮತಪತ್ರ ಕಳಿಸಬೇಕು, ಇಮೇಲ್‌ನಂಥ ದಾರಿಯಲ್ಲೂ ಕಳಿಸಬೇಕು ಎಂದಿತು. ಆದರೆ ಅದೆಲ್ಲ ಕೇಂದ್ರದ ಚುನಾವಣೆಗಳಿಗೆ. ವರ್ಜೀನಿಯಾದಲ್ಲಿ ಗವರ್ನರ್, ಡೆಲಿಗೇಟ್ ಚುನಾವಣೆ ನಡೆಯುವುದು ಬೆಸ ವರ್ಷದಲ್ಲಿ. ಆಗ ಸೈನಿಕರ ಹಕ್ಕು ಕಾಯುವುದು ರಾಜ್ಯದ ಕಾನೂನೇ. ರಿಚ್ಮಂಡ್ 2012ರಲ್ಲಿ ಅಂಥ ಕಾಯ್ದೆ ಮಾಡಿತು. ನನಗೆ ಶಾಸಕರ ಕೆಲಸದಲ್ಲಿ ತುಂಬಾ ಮೆಚ್ಚುಗೆಯಾಗುವುದು ಇಂಥದ್ದೇ. ಮತ ಹಾಕಲು ಎದುರಿಗೆ ಇಲ್ಲದವರಿಗಾಗಿ ದುಡಿದಿದ್ದಾರೆ.

ನಾಳೆ ನೀವು ಇಲ್ಲಿಯ ಪೌರರಾಗಿ, ಕಂಪನಿ ಕೆಲಸಕ್ಕೆ ಬೆಂಗಳೂರಿಗೆ ಹೋದರೂ ಇದೇ ಅನುಕೂಲ ನಿಮಗೂ ಸಿಗುತ್ತದೆ. 'ಫೆಡರಲ್ ಪೋಸ್ಟ್ ಕಾರ್ಡ್' ಅರ್ಜಿಯನ್ನು ಪ್ರತಿ ವರ್ಷ ಹೊಸದಾಗಿ ತುಂಬಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ನಮ್ಮವರಿಗೆ ಈ ಭಾಗ್ಯವಿಲ್ಲ. ಹೊರದೇಶದ ಮತದಾರರೆಂದು ಹೆಸರು ಸೇರಿಸಿದ್ದರೂ ಊರಿನ ಮತಗಟ್ಟೆಗೇ ಹೋಗಬೇಕು.

ಒಂದು ಎಚ್ಚರಿಕೆ. ಡಿಎಂವಿಯಲ್ಲಿ, ಅಂದರೆ ನಮ್ಮೂರಿನ ಆರ್‌ಟಿಓ ಇದ್ದಂಥ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸುವಾಗ ನೀವು ಅಮೆರಿಕದ ಪೌರರೇ, ಮತದಾರರ ಪಟ್ಟಿಗೆ ಸೇರಿಸಬೇಕೇ ಎಂದು ಕೇಳುತ್ತಾರೆ. ಅವಸರದಲ್ಲಿ ಹೌದು ಅಂತ ಒತ್ತಬೇಡಿ. ಪೌರರಲ್ಲದವರು ಪೌರರೆಂದು ಹೇಳಿಕೊಂಡರೆ ದೇಶ ಬಿಡಬೇಕಾದ ಸ್ಥಿತಿ ಬರಬಹುದು. ಚುನಾವಣೆಗೆ ದೇಣಿಗೆ ಕೊಡಲೂ ಗ್ರೀನ್ ಕಾರ್ಡ್ ಆದರೂ ಇರಲೇಬೇಕು, ವೀಸಾದವರು ಒಂದು ಡಾಲರ್ ಕೂಡ ಕೊಡುವಂತಿಲ್ಲ.

ಆದರೆ ಪತ್ರ ಬರೆಯಲು, ಅಹವಾಲು ಹೇಳಲು ಯಾವ ಅಡ್ಡಿಯೂ ಇಲ್ಲ. ಅಧಿವೇಶನ ಜನವರಿಯ ಎರಡನೇ ಬುಧವಾರ ಶುರು, ಸಮ ವರ್ಷದಲ್ಲಿ 60 ದಿನ. ಆಗ ಅವರಿಗೆ ಬಿಡುವೇ ಇರುವುದಿಲ್ಲ. ಹೊಸ ಕಾನೂನಿನ ಬೇಡಿಕೆ ಇದ್ದರೆ ನವೆಂಬರ್‌ನಲ್ಲೇ ಬರೆಯಿರಿ. ಅರ್ಧ ಪುಟ ಸಾಕು. ಯಾವ ರಸ್ತೆ, ಯಾವ ತಿರುವು, ಯಾವ ಹೊತ್ತಿನಲ್ಲಿ ತೊಂದರೆ ಎಂದು ತಿಳಿಸಿ. ನಿಮ್ಮ ಮನೆ ವಿಳಾಸ ಹಾಕುವುದನ್ನು ಮರೆಯಬೇಡಿ, ಅವರ ಕಚೇರಿಯವರು ಮೊದಲು ನೋಡುವುದು ನೀವು ಅವರ ಕ್ಷೇತ್ರದವರೇ ಎಂಬುದನ್ನು.