‘ಅಧ್ಯಯನ ಹೇಳಿದೆ’ ಎಂಬ ಸುದ್ದಿ ಬಂದಾಗ ಹೇಗೆ ಓದಬೇಕು

ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ಕೂತು ಎಷ್ಟೋ ವರ್ಷ ಸುದ್ದಿ ಅನುವಾದ ಮಾಡಿದ್ದೇನೆ. ಇಂಗ್ಲಿಷ್ ಏಜೆನ್ಸಿಯ ಸುದ್ದಿ ಫೋನಿಗೆ ಬರುತ್ತಿತ್ತು. ಗಾಡಿ ದಾದರ್ ಮುಟ್ಟುವಷ್ಟರಲ್ಲಿ ಅದು ಕನ್ನಡ ಆಗಿರಬೇಕು. 2018ರ ಮಾರ್ಚ್‌ನಲ್ಲಿ ಹಾಗೆ ಬರೆದ ಒಂದು ತಲೆಬರಹ: ‘ಸತ್ಯಕ್ಕಿಂತ ಸುಳ್ಳು ಆರು ಪಟ್ಟು ವೇಗ’. ಜೊತೆಗೆ ರೋಬೋ ಚಿತ್ರವನ್ನೂ ನಾನೇ ಆರಿಸಿದ್ದೆ. ಮರುದಿನ ಮಾಟುಂಗದಿಂದ ಮಾವ ಫೋನ್ ಮಾಡಿದರು. “ಯಾವ ಸುಳ್ಳು ಮಾರಾಯ್ತಿ? ಎಲ್ಲಿ ಅಳೆದದ್ದು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂಲ ಲೇಖನವನ್ನು ನಾನು ತೆರೆದೇ ಇರಲಿಲ್ಲ.

ನೀವೂ ಮಾವನ ಆ ಎರಡು ಪ್ರಶ್ನೆಗಳಿಂದಲೇ ಶುರು ಮಾಡಿ. ಸುದ್ದಿಯಲ್ಲಿ ವಿಜ್ಞಾನ ಪತ್ರಿಕೆಯ ಹೆಸರು, ಸಂಶೋಧಕರ ಹೆಸರು ಸಾಮಾನ್ಯವಾಗಿ ಇರುತ್ತದೆ. ಎರಡನ್ನೂ ಸೇರಿಸಿ ಗೂಗಲ್‌ನಲ್ಲಿ ಹುಡುಕಿ. ಪೂರ್ತಿ ಲೇಖನಕ್ಕೆ ದುಡ್ಡು ಕೇಳಿದರೂ ಸಾರಾಂಶ ಹೆಚ್ಚಾಗಿ ಪುಕ್ಕಟೆ ಸಿಗುತ್ತದೆ. ಒಂದೇ ಪ್ಯಾರಾ, ಎರಡು ನಿಮಿಷದ ಓದು.

ನಾನು ಅನುವಾದಿಸಿದ್ದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವೊಸೂಘಿ, ರಾಯ್, ಅರಲ್ ಎಂಬ ಮೂವರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದ ಸುದ್ದಿ. ಅವರು ನೋಡಿದ್ದು ಟ್ವಿಟರ್ ಒಂದನ್ನೇ, 2006ರಿಂದ 2017ರವರೆಗೆ. ಅದರಲ್ಲೂ ಆರು ಸತ್ಯಶೋಧನಾ ಸಂಸ್ಥೆಗಳು ಪರಿಶೀಲಿಸಿ ನಿಜ ಅಥವಾ ಸುಳ್ಳು ಎಂದು ತೀರ್ಪು ಕೊಟ್ಟಿದ್ದ ಸುದ್ದಿಗಳನ್ನು ಮಾತ್ರ. ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ‘ಕುರ್ಲಾದಲ್ಲಿ ನೀರು ನಿಂತಿದೆ, ಸ್ಲೋ ಗಾಡಿ ತಡ’ ಎಂಬ ಸುದ್ದಿಯನ್ನು ಯಾವ ಸಂಸ್ಥೆಯೂ ಪರಿಶೀಲಿಸುವುದಿಲ್ಲ, ಅಲ್ವಾ? ಅಂಥ ದಿನನಿತ್ಯದ ನಿಜಗಳು ಈ ಲೆಕ್ಕಕ್ಕೆ ಬಂದೇ ಇಲ್ಲ. ಜನ ಅನುಮಾನಪಟ್ಟ, ಜಗಳವಾಡಿದ ಸುದ್ದಿಗಳೇ ಬಂದಿವೆ. ‘ಸತ್ಯ’ ಎಂಬ ಒಂದೇ ಪದದಲ್ಲಿ ನಾನು ಇದನ್ನೆಲ್ಲ ಮುಚ್ಚಿಬಿಟ್ಟಿದ್ದೆ.

ಆಮೇಲೆ ಅಂಕಿ. ಆರು ಪಟ್ಟು ಎಂದರೆ ಏನು? 1,500 ಜನರನ್ನು ತಲುಪಲು ನಿಜ ಸುದ್ದಿಗೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಮಯ ಹಿಡಿಯಿತು ಎಂದು. ಸುಳ್ಳನ್ನು ಜನ ಮುಂದೆ ಕಳಿಸುವ ಸಾಧ್ಯತೆ ಶೇ. 70ರಷ್ಟು ಜಾಸ್ತಿ ಇತ್ತು ಎಂಬುದು ಅದೇ ಲೇಖನದ ಇನ್ನೊಂದು ಅಂಕಿ. ಎರಡನ್ನೂ ಕಲಸಬೇಡಿ. ಇನ್ನು ನನ್ನ ರೋಬೋ ಚಿತ್ರ? ಬಾಟ್‌ಗಳು, ಅಂದರೆ ಮನುಷ್ಯರ ಬದಲು ಕಂಪ್ಯೂಟರ್ ನಡೆಸುವ ಖಾತೆಗಳು, ನಿಜವನ್ನೂ ಸುಳ್ಳನ್ನೂ ಒಂದೇ ಸಮ ಹರಡುತ್ತವೆ, ಸುಳ್ಳು ಮುಂದೆ ಹೋಗುವುದು ಮನುಷ್ಯರಿಂದಲೇ ಎಂದು ಲೇಖನ ಹೇಳುತ್ತಿತ್ತು. ಚಿತ್ರ ಸುದ್ದಿಗೆ ನೇರ ವಿರುದ್ಧವಾಗಿತ್ತು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಪರಿಣಾಮ ಎಷ್ಟು ದೊಡ್ಡದು ಎಂದು ನೋಡುವುದನ್ನು ಮರೆಯಬೇಡಿ. 2014ರಲ್ಲಿ ‘ಫೇಸ್‌ಬುಕ್ ಜನರ ಮನಸ್ಸಿನ ಜೊತೆ ಆಟವಾಡಿತು’ ಎಂದು ಎಲ್ಲ ಕಡೆ ಸುದ್ದಿಯಾಯಿತು. 6,89,003 ಜನರ ಮೇಲೆ ಅವರನ್ನು ಕೇಳದೆ ಪ್ರಯೋಗ ಮಾಡಿದ್ದು ತಪ್ಪು, ಆ ಸಿಟ್ಟು ನ್ಯಾಯವಾದದ್ದೇ. ಆದರೆ ಖುಷಿಯ ಅಥವಾ ಬೇಸರದ ಪೋಸ್ಟ್‌ಗಳನ್ನು ಕಡಿಮೆ ತೋರಿಸಿದಾಗ ಆ ಜನರ ಬರವಣಿಗೆಯಲ್ಲಿ ಕಂಡ ಬದಲಾವಣೆ ಸಾವಿರ ಪದಕ್ಕೆ ಸುಮಾರು ಒಂದು ಪದ. ಇವು ಎರಡು ಬೇರೆ ಬೇರೆ ಮಾತು.

ಒಂದೆರಡು ವರ್ಷ ಬಿಟ್ಟು ಮತ್ತೆ ಹುಡುಕಿ. 2021ರಲ್ಲಿ ಯೂಲ್ ಮತ್ತು ಯುಗಾಂಡರ್ ಎಂಬ ಇಬ್ಬರು ಸಂಶೋಧಕರು ಅದೇ ಟ್ವಿಟರ್ ಮಾಹಿತಿಯನ್ನು ಮತ್ತೆ ನೋಡಿದರು. ಒಂದೇ ಗಾತ್ರಕ್ಕೆ, ಅಂದರೆ ಅಷ್ಟೇ ಜನರಿಗೆ, ಹಬ್ಬಿದ ನಿಜವನ್ನೂ ಸುಳ್ಳನ್ನೂ ಪಕ್ಕಪಕ್ಕ ಇಟ್ಟರೆ ಹಬ್ಬುವ ರೀತಿಯಲ್ಲಿ ಹೆಚ್ಚೇನೂ ವ್ಯತ್ಯಾಸ ಉಳಿಯಲಿಲ್ಲ. ಸುಳ್ಳು ಒಬ್ಬರಿಂದ ಒಬ್ಬರಿಗೆ ಜಾಸ್ತಿ ಅಂಟುತ್ತದೆ, ಹಾಗಾಗಿ ದೊಡ್ಡದಾಗುತ್ತದೆ. ಈ ಎರಡನೇ ಸುದ್ದಿ ನನ್ನ ಫೋನಿಗೆ ಬರಲೇ ಇಲ್ಲ.

ಕೊನೆಗೆ, ಟ್ವಿಟರ್‌ನ ಮಾತನ್ನು ವಾಟ್ಸಾಪ್‌ಗೆ ಸುಮ್ನೆ ಅಂಟಿಸಬೇಡಿ. ನಮ್ಮ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ 2018ರ ಜುಲೈ 1ರಂದು ಮಕ್ಕಳ ಕಳ್ಳರೆಂಬ ವದಂತಿ ನಂಬಿ ಜನ ಐವರನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು. ಅಲ್ಲಿನ ಖಾಸಗಿ ಸಂದೇಶ ಹೊರಗಿನವರಿಗೆ ಕಾಣುವುದಿಲ್ಲ. ಹಾಗಾಗಿ ಸಂಶೋಧಕರು ಯಾರು ಬೇಕಾದರೂ ಸೇರಬಹುದಾದ ಗುಂಪುಗಳನ್ನು ನೋಡುತ್ತಾರೆ. ಭಾರತ, ಬ್ರೆಜಿಲ್, ಇಂಡೋನೇಷ್ಯಾದ ಅಂಥ ಗುಂಪುಗಳ 2019ರ ಅಧ್ಯಯನದ ಪ್ರಕಾರ ಮಿತಿಯಿಂದ ಸಂದೇಶ ನಿಧಾನವಾಗುತ್ತದೆ, ತುಂಬ ಹಬ್ಬುವಂಥದ್ದು ಮಾತ್ರ ನಿಲ್ಲುವುದಿಲ್ಲ.

ನಾನು ಈಗ ಮನೆಯ ಗ್ರೂಪಿಗೆ ಇಂಥ ಸುದ್ದಿ ಹಾಕುವಾಗ ಮೇಲೆ ಒಂದು ಸಾಲು ಬರೆಯುತ್ತೇನೆ: ಎಲ್ಲಿ, ಯಾವಾಗ, ಏನನ್ನು ಎಣಿಸಿದರು. ಆ ಸಾಲು ಬರೆಯಲು ಬರದಿದ್ದರೆ ಸುದ್ದಿ ಹಾಕುವುದಿಲ್ಲ. ಹಳೇ ತಲೆಬರಹವನ್ನೂ ತಿದ್ದಿ ಮಾವನಿಗೆ ಕಳಿಸಿದೆ: ‘ಟ್ವಿಟರ್‌ನಲ್ಲಿ ಪರಿಶೀಲನೆಗೆ ಒಳಗಾದ ಸುದ್ದಿಗಳಲ್ಲಿ ಸುಳ್ಳೇ ಬೇಗ ಹಬ್ಬಿತು’. “ಹಾಂ, ಈಗ ಅರ್ಥ ಆಯ್ತು” ಅಂದರು.