ಸೂಜಿ ಮುರಿದರೆ ಏನು ಮಾಡಬೇಕು?

ದೊಡ್ಡಬಳ್ಳಾಪುರದ ಕಡೆ ಒಂದು ಗಾರ್ಮೆಂಟ್ಸ್‌ಗೆ ಎಚ್‌ಆರ್ ಮ್ಯಾನೇಜರ್ ಆಗಿ ಸೇರಿದಾಗ ಟ್ರೈನಿಂಗ್ ಸುಲಭದ ಕೆಲಸ ಅಂದುಕೊಂಡಿದ್ದೆ. ವರ್ಷದ ಪಟ್ಟಿ ಹಾಕಿದೆ. ಬೆಂಕಿ ಬಿದ್ದರೆ ಏನು ಮಾಡಬೇಕು, ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಸೂಜಿ ಸುರಕ್ಷತೆ, ಎಲ್ಲಕ್ಕೂ ಒಂದೊಂದು ದಿನ. ಪ್ರೊಜೆಕ್ಟರ್ ಇತ್ತು, ಸಮೋಸಾ ಇತ್ತು. ಬರಬೇಕಾದವರು ಮಾತ್ರ ಬರಲಿಲ್ಲ.

ಲೈನ್ ಸೂಪರ್‌ವೈಸರ್ ಲೆಕ್ಕ ಹಾಕಿಯೇ ತೋರಿಸಿದ. “ಸಾರ್, ಗಂಟೆಗೆ 80 ಶರ್ಟ್ ಟಾರ್ಗೆಟ್. ಕಾಲರ್ ಹಾಕೋರನ್ನ ನೀವು ಕರ್ಕೊಂಡು ಹೋದ್ರೆ ಅವರ ಹಿಂದೆ ಬಂಡಲ್ ರಾಶಿ ಬೀಳುತ್ತೆ, ಮುಂದಿರೋರು ಸುಮ್ನೆ ಕೂರ್ತಾರೆ. ಸಾಯಂಕಾಲ ಬೈಸ್ಕೊಳ್ಳೋದು ಯಾರು?” ತಪ್ಪೇನಿದೆ ಹೇಳಿ. ಅವನು ಹೆಚ್ಚಾಗಿ ಮಿಷನ್‌ನಲ್ಲಿ ಕೂರದ ಹೆಲ್ಪರ್‌ಗಳನ್ನೇ ಕಳಿಸುತ್ತಿದ್ದ. ಒಬ್ಬ ಹುಡುಗಿಯಂತೂ ಒಂದೇ ಟ್ರೈನಿಂಗ್‌ಗೆ ಮೂರು ಸಲ ಬಂದು ಸಹಿ ಹಾಕಿದ್ದಳು. ಫೈಲ್ ಮಾತ್ರ ಚೆನ್ನಾಗಿ ತುಂಬುತ್ತಿತ್ತು.

ಸೂಜಿ ಮುರಿದರೆ ಮಿಷನ್ ನಿಲ್ಲಿಸಬೇಕು. ಎಲ್ಲಾ ಚೂರು ಹುಡುಕಿ ರಿಜಿಸ್ಟರ್‌ನಲ್ಲಿ ಟೇಪ್ ಹಾಕಿ ಅಂಟಿಸಬೇಕು. ಒಂದು ಚೂರು ಸಿಗದಿದ್ದರೂ ಅಲ್ಲಿದ್ದ ಬಟ್ಟೆಯನ್ನೆಲ್ಲ ಬೇರೆ ಇಟ್ಟು ಮೆಟಲ್ ಡಿಟೆಕ್ಟರ್‌ಗೆ ಕೊಡಬೇಕು. ಆಮೇಲೆಯೇ ಹೊಸ ಸೂಜಿ. ಮಗುವಿನ ಅಂಗಿಯಲ್ಲಿ ಆ ಚೂರು ಉಳಿದರೆ ಗತಿ ಏನು, ಅಲ್ವಾ? ಕ್ಲಾಸಿನಲ್ಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಿದವರು ಕಫ್ ಹೊಲಿಯುವ ಒಬ್ಬ ಅಕ್ಕ.

ಒಂದು ದಿನ ನಾನು ಅವರ ಹಿಂದೆಯೇ ನಿಂತಿದ್ದೆ. ‘ಟಕ್’ ಅಂತ ಸದ್ದಾಯಿತು. ಅವರು ಏಪ್ರನ್ ಜೇಬಿನಿಂದ ಬಟ್ಟೆ ಚೂರೊಂದನ್ನು ತೆಗೆದರು. ಅದಕ್ಕೆ ನಾಲ್ಕು ಸೂಜಿ ಚುಚ್ಚಿಟ್ಟಿದ್ದರು. ಒಂದನ್ನು ಹಾಕಿ, ಸ್ಕ್ರೂ ಬಿಗಿ ಮಾಡಿ, ಮತ್ತೆ ಹೊಲಿಯತೊಡಗಿದರು. ಅರ್ಧ ನಿಮಿಷವೂ ಆಗಿರಲಿಲ್ಲ.

“ಯಾಕಮ್ಮ ಹೀಗೆ?” ಅಂದೆ. ಮೊದಲು ಹೆದರಿದರು. ಆಮೇಲೆ, “ಸೂಜಿ ತರೋಕೆ ಸ್ಟೋರ್‌ಗೆ ಹೋಗಿ ಬಂದ್ರೆ ಹತ್ತು ನಿಮಿಷ ಸಾರ್. ಆ ಪೀಸ್ ಯಾರು ಹೊಲೀತಾರೆ?” ಅಂದರು.

ಅವರಿಗೆ ಮತ್ತೆ ಕ್ಲಾಸ್ ಮಾಡಿ ಏನು ಪ್ರಯೋಜನ? ಗೊತ್ತಿಲ್ಲದ್ದು ಏನೂ ಇರಲಿಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಹಿಂದೆ ಬಿದ್ದೆ. ಸೂಜಿಗೆ ಹೋದ ಸಮಯವನ್ನು ಟಾರ್ಗೆಟ್‌ನಿಂದ ಕಳೆಯಬೇಕು, ಸೂಜಿ ಡಬ್ಬಿ ಲೈನ್ ಕೊನೆಗೇ ಬರಬೇಕು, ಇಷ್ಟೇ ಕೇಳಿದ್ದು. ಒಪ್ಪಿಸೋಕೆ ಎರಡು ತಿಂಗಳು ಹಿಡಿಯಿತು. ಹಾಲ್‌ನ ಕ್ಲಾಸ್ ಬಿಟ್ಟು ಬೆಳಿಗ್ಗೆ ಲೈನ್ ಶುರುವಾಗುವ ಮುಂಚೆ ಹತ್ತು ನಿಮಿಷ, ಮಿಷನ್ ಪಕ್ಕದಲ್ಲೇ, ಸೂಪರ್‌ವೈಸರ್ ಕೈಲೇ ಹೇಳಿಸಿದೆ. ಒಡಿಶಾದ ಹುಡುಗಿಯರಿಗೆ ನಮ್ಮ ಕನ್ನಡ ಪೋಸ್ಟರ್ ಬರೀ ಚಿತ್ರ. ಅವರಲ್ಲೇ ಕನ್ನಡ ಕಲಿತಿದ್ದ ಒಬ್ಬಳು ಒಡಿಯಾದಲ್ಲಿ ಹೇಳಿಕೊಟ್ಟಳು. ಆ ಹತ್ತು ನಿಮಿಷಕ್ಕೂ ಸಂಬಳ ಸೇರಿಸಿದೆವು. ಇಲ್ಲದಿದ್ದರೆ ಯಾರು ಬರ್ತಾರೆ?

ಕಿರುಕುಳದ ಕಾಯ್ದೆಯ ಮಾತನ್ನು ಮಾತ್ರ ಲೈನ್‌ಗೆ ತರಲಿಲ್ಲ. ಸೂಪರ್‌ವೈಸರ್ ಎದುರಿಗಿದ್ದರೆ ಯಾವ ಹೆಣ್ಣುಮಗಳೂ ಬಾಯಿ ಬಿಡುವುದಿಲ್ಲ. ಅದಕ್ಕೆ ಈಗಲೂ ಬೇರೆ ಕೋಣೆ, ಒಳಗೆ ಬರೀ ಹೆಂಗಸರು.

ಮೂರು ತಿಂಗಳ ಮೇಲೆ ಮೀಟಿಂಗ್‌ನಲ್ಲಿ ದೊಡ್ಡ ಸಾಹೇಬರು ರೇಗಿದರು. “ಏನ್ರೀ, ಟ್ರೈನಿಂಗ್ ಕೊಟ್ಟ ಮೇಲೆ ಸೂಜಿ ಜಾಸ್ತಿ ಮುರೀತಿದೆಯಲ್ಲ!” ಹಳೇ ರಿಜಿಸ್ಟರ್, ಹೊಸ ರಿಜಿಸ್ಟರ್ ಎರಡನ್ನೂ ತೆಗೆದು ಅವರ ಮುಂದಿಟ್ಟೆ. ಹಳೆಯದರಲ್ಲಿ ಇಡೀ ತಿಂಗಳಿಗೆ ಅಂಟಿಸಿದ್ದು ಎರಡೇ ಸೂಜಿ.