ಕೊಳೆ, ಕೊಳೆತ, ಕೊಳೆರೋಗ: ಯಾವುದನ್ನ ಎಲ್ಲಿ ಹೇಳುದು

ಓದ್ಲಿಕ್ಕೋ ಕೆಲಸಕ್ಕೋ ಮಂಗಳೂರು, ಉಡುಪಿ ಕಡೆಗೆ ಬಂದು ಕನ್ನಡ ಕಲೀತಾ ಇರುವವರಿಗೆ ಈ ಕೊಳೆ ಅನ್ನುವ ಪದ ಗೊಂದಲ ಮಾಡ್ತದೆ, ಯಾಕಂದ್ರೆ ಅಂಗಿಗೂ ಕೊಳೆ, ಬಾಳೆಹಣ್ಣೂ ಕೊಳೆಯುದು, ಅಡಿಕೆಗೂ ಕೊಳೆ ಬರುದು.

ಮೊದಲು ಇದೊಂದು ಹಿಡ್ಕೊಳ್ಳಿ. ತೊಳೆದ್ರೆ ಹೋಗುವಂಥದ್ದು ಕೊಳೆ, ಎಷ್ಟು ತೊಳೆದ್ರೂ ಸರಿ ಆಗದೆ ಇರುವಂಥದ್ದು ಕೊಳೆತದ್ದು. ಕೊಳೆ ಬಟ್ಟೆ ಒಗೀಲಿಕ್ಕೆ ಹಾಕುದು, ಕೊಳೆತ ಬಟ್ಟೆ ಬಿಸಾಡುದು. ಹಾಗಾಗಿ ಅಂಗಿ "ಕೊಳೆ ಆಗಿದೆ", ಟೊಮೆಟೊ "ಕೊಳೆತು ಹೋಗಿದೆ", ಮಾತಾಡುವಾಗ "ಕೊಳ್ತಿದೆ" ಅಂತಲೂ ಹೇಳ್ತಾರೆ.

ಹಾಳಾದದ್ದಕ್ಕೆಲ್ಲ ಕೊಳೆತ ಅನ್ಬೇಡಿ. ಅನ್ನ, ಸಾಂಬಾರು ಹಳಸುದು. ಹಾಲು ಒಡೆಯುದು. ಬ್ರೆಡ್ಡಿಗೆ ಬೂಸ್ಟು, ಹಲ್ಲು ಹುಳುಕು, ಕಬ್ಬಿಣಕ್ಕೆ ತುಕ್ಕು, ಹಳೇ ಎಣ್ಣೆ ಕಮಟು, ಒಳಗೆ ಪುಡಿಪುಡಿ ಆದ ಮರ ಲಡ್ಡು. ಹಣ್ಣು, ತರಕಾರಿ, ಸೊಪ್ಪು, ಮೀನು ಇವೆಲ್ಲ ಕೊಳೆಯುದು, ಒದ್ದೆ ಇದ್ದು ಮೆತ್ತಗಾಗಿ ನಾರುವಂಥದ್ದು ಅಂತ ನೆನಪಿಟ್ಕೊಳ್ಳಿ. ಬೇಕಂತಲೇ ಕೊಳೆಸುದೂ ಉಂಟು, ನಾರು ತೆಗೀಲಿಕ್ಕೆ ತೆಂಗಿನ ಸಿಪ್ಪೆಯನ್ನ ನೀರಲ್ಲಿ ಕೊಳೆಹಾಕ್ತಾರೆ, ಸೊಪ್ಪು ಸೆಗಣಿ ಕೊಳೆತ್ರೇ ಗೊಬ್ಬರ, ಅಲ್ಲಿ ಅದು ಕೆಟ್ಟ ಪದ ಅಲ್ಲವೇ ಅಲ್ಲ.

ಮನುಷ್ಯರ ವಿಷಯಕ್ಕೆ ಬಂದ್ರೆ "ಜೈಲಲ್ಲಿ ಕೊಳೆಯುದು" ಅಂದ್ರೆ ಕೇಳುವವರಿಲ್ಲದೆ ವರ್ಷಗಟ್ಲೆ ಬಿದ್ದಿರುದು, ಆಫೀಸಲ್ಲಿ ಫೈಲು ಕೊಳೆಯುದೂ ಹಾಗೇ. ಕೆಟ್ಟ ಬುದ್ಧಿಗೆ ಕೊಳಕು ಬುದ್ಧಿ, ಚರಂಡಿಯದ್ದು ಕೊಳಚೆ ನೀರು. ಕೊಳೆಗೇರಿ ಅನ್ನುವ ಪದವನ್ನ ಮಾತ್ರ ಬೈಗುಳ ಮಾಡ್ಬೇಡಿ, ಅಲ್ಲಿ ಜನ ಸಂಸಾರ ಮಾಡ್ತಾ ಇದ್ದಾರೆ, ಅವರ ಮನೆಯನ್ನೇ ಹೊಲಸು ಅಂದ ಹಾಗೆ ಆಗ್ತದೆ.

ಇನ್ನು ನಮ್ಮ ಕಡೆಯ ದೊಡ್ಡ ಕೊಳೆ. ಪುತ್ತೂರು, ಸುಳ್ಯ, ಕಾರ್ಕಳ ಕಡೆ ಮಳೆಗಾಲದಲ್ಲಿ ಬರೀ "ಕೊಳೆ" ಅಂದ್ರೆ ಅಡಿಕೆಯ ಕೊಳೆರೋಗ. ಫೈಟೋಫ್ತೊರಾ ಅನ್ನುವ ಸೂಕ್ಷ್ಮಜೀವಿಯಿಂದ ಬರುದು, ಬಿಡದೆ ಮಳೆ ಹೊಡೆದಾಗ ಎಳೆ ಕಾಯಿ ಮೇಲೆ ನೀರು ಕುಡಿದ ಹಾಗೆ ಕಲೆ ಆಗಿ, ಮೇಲೆ ಬಿಳಿ ಬೂಸ್ಟು ಕಟ್ಟಿ, ಕಾಯಿ ಉದುರಿ ವರ್ಷದ ಫಸಲೇ ಮರದ ಬುಡದಲ್ಲಿ ಬಿದ್ದಿರ್ತದೆ. ಅದಕ್ಕೇ ಮಳೆ ಹಿಡಿಯುವ ಮೊದಲೇ ಒಂದು ಸಲ, ಮತ್ತೆ ಸುಮಾರು 40-45 ದಿನ ಬಿಟ್ಟು ಬಿಸಿಲು ಬಂದಾಗ ಇನ್ನೊಂದು ಸಲ ಮದ್ದು ಬಿಡುದು. ಮದ್ದು ಅಂದ್ರೆ ಬೋರ್ಡೋ ದ್ರಾವಣ, 1 ಕೆಜಿ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಕಾಫಿ ಗಿಡಕ್ಕೂ ಒಂದು ಕೊಳೆರೋಗ ಉಂಟು, ಅದು ಬೇರೆಯೇ, ಒಂದು ಶಿಲೀಂಧ್ರದಿಂದ ಬರುದು, 1876ರಲ್ಲಿ ಕುಕ್ ಅನ್ನುವ ಇಂಗ್ಲಿಷ್ ವಿಜ್ಞಾನಿ ಆ ಶಿಲೀಂಧ್ರಕ್ಕೆ ಹೆಸರಿಡುವಾಗ ನಮ್ಮ ಪದವನ್ನೇ ತಗೊಂಡು ಪೆಲಿಕ್ಯುಲೇರಿಯಾ ಕೊಳೆರೋಗ ಅಂತ ಇಟ್ಟ, ಇದು ನನಗೆ ತುಂಬಾ ಖುಷಿಯ ಸಂಗತಿ.

ಜುಲೈಯಲ್ಲಿ ತೋಟದವರು ಸಿಕ್ಕಿದ್ರೆ "ಈ ಸಲ ಕೊಳೆ ಉಂಟಾ" ಅಂತ ಕೇಳಿ, ರೋಗ ಅಂತ ಸೇರಿಸುದು ಬೇಡ. "ತೋಟ ಕೊಳೆ ಆಗಿದೆಯಾ" ಅಂತ ಮಾತ್ರ ಕೇಳ್ಬೇಡಿ, ತೋಟ ಗಲೀಜಾಗಿದೆಯಾ ಅಂತ ಕೇಳಿದ ಹಾಗೆ ಆಗ್ತದೆ.